ನೀಲಿ ಹಚ್ಚಲು ಹೆದರಿದ ಮಾಸ್ತರು

ನಮ್ಮ ಮಾಸ್ತರು ಹೆದರದ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ. ಟರ್ಪೆಂಟೈನ್ ಡಬ್ಬಿಗೆ ಬೆಂಕಿ ಹತ್ತೀತು ಎಂಬ ಹೆದರಿಕೆ, ಗೆದ್ದಲು ಕ್ಯಾನ್‌ವಾಸು ತಿಂದೀತು ಎಂಬ ಹೆದರಿಕೆ, ಪರೀಕ್ಷೆ ನಡೆಸಲು ಬಂದ ಸಾಹೇಬರು ಪಾಯಿಖಾನೆ ಎಲ್ಲಿ ಎಂದು ಕೇಳಿಯಾರು ಎಂಬ ಹೆದರಿಕೆ. ಚಿತ್ರ ಬರೆಯಲೆಂದು ಮೇಜಿನ ಮೇಲಿಟ್ಟ ಬಾಳೆಹಣ್ಣನ್ನು ನಾವು ಬರೆದು ಮುಗಿಸುವ ಮೊದಲೇ ತಿಂದುಬಿಡುತ್ತೇವೆ ಎಂಬ ಹೆದರಿಕೆಯೊಂದು ಮಾತ್ರ ಆಗಾಗ ನಿಜವಾಗುತ್ತಿತ್ತು. ಸಂಜೆ ಶಾಲೆಗೆ ಬೀಗ ಹಾಕಿ, ಮೆಟ್ಟಿಲಿಳಿದು, ಬಸ್‌ಸ್ಟ್ಯಾಂಡಿನ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಬೀಗ ಜಗ್ಗಿ ನೋಡುವವರು ಅವರು. ಆಮೇಲಾಮೇಲೆ ಇದಕ್ಕೆ ನನ್ನನ್ನೇ ಸಾಕ್ಷಿ ಮಾಡಿಕೊಂಡರು. "ತಂಗೀ, ನಾ ಬೀಗ ಹಾಕಿದ್ದು ನೀ ನೋಡಿದ್ಯಲ್ಲ? ಸಮಾ ನೋಡಿದ್ಯಲ್ಲ?" ಹಳದೀಪುರದ ಬಸ್ಸು ಹಿಡಿಯಬೇಕಾದ ನಾನು ಈ ಸಾಕ್ಷಿ ಹೇಳುವುದರಲ್ಲಿ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಅವರು ಹೋದ ಸುದ್ದಿ ಬಂದಾಗ ನನಗೆ ಮೊದಲು ಅನಿಸಿದ್ದು, ಪಾಪ, ಹೋಗುವಾಗ ಎಷ್ಟು ಹೆದರಿದರೋ ಎಂದು. ಮಾತಾಡಿಸಲು ಹೋದಾಗ ಅವರ ಹೆಂಡತಿಯೇ ನನ್ನ ಮುಖ ನೋಡಿ ಅದನ್ನು ಓದಿದವರಂತೆ ಹೇಳಿದರು: "ನಿದ್ದೆಯಲ್ಲೇ ಹೋದ್ರು ಮಾರಾಯ್ತಿ. ಹೆದರೂಕೆ ಪುರಸೊತ್ತೇ ಆಗ್ಲಿಲ್ಲ." ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ನನಗೆ ಅಳು ತಡೆಯಲಾಗಲಿಲ್ಲ.

ಹೊನ್ನಾವರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಚಿತ್ರಶಾಲೆ. ಮುಂಬೈಯಲ್ಲಿ ಚಿತ್ರಕಲೆ ಕಲಿತು, ಅಲ್ಲೇ ಕೆಲಕಾಲ ಬೋರ್ಡು ಬರೆದು, ಅಲ್ಲಿಯ ಲೋಕಲ್ ರೈಲು ಹತ್ತಲು ಹೆದರಿ ಊರಿಗೆ ಓಡಿ ಬಂದವರು ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ನಮ್ಮ ಕರಾವಳಿಗೂ ರೈಲು ಹೊಸದಾಗಿ ಬಂದ ದಿನಗಳು ಅವು. ಅದನ್ನೂ ಅವರು ಬಹಳ ದಿನ ಹತ್ತಲಿಲ್ಲವಾದ್ದರಿಂದ ನಮ್ಮ ಮಾತಿಗೆ ಬಲ ಬಂದಿತ್ತು.

ಶಾಲೆಗೆ ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಲಲಿತಕಲೆ. ಮೂಗು ಮುರಿದ ಪ್ಲಾಸ್ಟರಿನ ತಲೆಯೊಂದನ್ನು ಸುತ್ತುವರಿದು ಕೂತು ನೆರಳು ಬೆಳಕು ಬರೆಯುವ ನಾವು, ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ ಹೈಸ್ಕೂಲಿನಲ್ಲಿ ಕೆಲಸ ಹಿಡಿಯುವ ಕನಸಿನವರು. ಹಿಂದಿನ ಕೋಣೆಯಲ್ಲಿ ವಾಣಿಜ್ಯ ಕಲೆ: ಅಂಗಡಿಯ ಬೋರ್ಡು, ಬ್ಯಾನರು, ಲಾರಿಯ ನಂಬರ್ ಪ್ಲೇಟು. "ಮುಂದಿನ ಕೋಣೆದು ಮನಸ್ಸಿಗೆ, ಹಿಂದಿನ ಕೋಣೆದು ಹೊಟ್ಟೆಗೆ. ಎರಡಕ್ಕೂ ಮಧ್ಯ ಬಾಗ್ಲು ಹಾಕೂಕಾಗ" ಎನ್ನುವುದು ಮಾಸ್ತರ ಮಾತು. ನಿಜಕ್ಕೂ ನಡುವೆ ಬಾಗಿಲಿರಲಿಲ್ಲ, ಹಳೆಯ ಪರದೆಯೊಂದು ತೂಗುತ್ತಿತ್ತು. ಪರೀಕ್ಷೆಯ ದಿನ ಅದೇ ಪರದೆಯನ್ನು ಬಿಚ್ಚಿ ತಂದು, ನೋಡಿ ಬರೆಯಲು ಇಟ್ಟ ಹೂಜಿಯ ಹಿಂದೆ ನೆರಿಗೆ ಮಾಡಿ ಇಳಿಬಿಡುತ್ತಿದ್ದರು.

ಮಳೆಗಾಲದಲ್ಲಿ ಭಟ್ಕಳದ ಬಂದರದಲ್ಲಿ ದೋಣಿಗಳನ್ನು ದಡಕ್ಕೆಳೆದು ಬಣ್ಣ ಬಳಿಯುವ ಕಾಲ ಹಿಂದಿನ ಕೋಣೆಯವರಿಗೆ ಹಬ್ಬ. ತಾಡಪತ್ರಿಯ ಕೆಳಗೆ ನಿಂತು ದೋಣಿಗಳ ಮೇಲೆ ಹೆಸರು ಬರೆಯುವುದೇ ಅವರ ಪ್ರಾಕ್ಟಿಕಲ್ಲು. ಮಾಸ್ತರು ಪ್ರತಿಯೊಬ್ಬರ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. "ಗೋಡೆ ಮೇಲೆ ತಪ್ಪಿದ್ರೆ ಸುಣ್ಣ ಬಳಿಯೂಕೆ ಆತದೆ. ದೋಣಿ ಮೇಲೆ ತಪ್ಪಿದ್ರೆ ನಮ್ಮ ತಪ್ಪು ಸಮುದ್ರಕ್ಕೆ ಹೋತದೆ" ಎನ್ನುವರು. ಅಲ್ಲಿ ನಾಲ್ಕಾರು ದೋಣಿಗಳ ಒಡೆಯರಾದ ಒಬ್ಬರು ತಮ್ಮ ಕೆಲಸವನ್ನಷ್ಟೇ ಅಲ್ಲ, ಅಕ್ಕಪಕ್ಕದವರ ಕೆಲಸವನ್ನೂ ನಮ್ಮ ಶಾಲೆಗೇ ಕೊಡಿಸುತ್ತಿದ್ದರು. ಶಾಲೆಯ ಬಾಡಿಗೆ ನಡೆಯುತ್ತಿದ್ದುದು ಬಹುಮಟ್ಟಿಗೆ ಆ ಮಳೆಗಾಲದಿಂದ.

ಆದರೆ ಶಾಲೆಯ ಹೆಸರು ಅತ್ತ ಕುಮಟೆ, ಇತ್ತ ಭಟ್ಕಳದ ತನಕ ಹಬ್ಬಿದ್ದು ಮಾಸ್ತರು ಬರೆಯುತ್ತಿದ್ದ ಭಾವಚಿತ್ರಗಳಿಂದ. ಹೆಬ್ಬೆರಳಿನಷ್ಟು ಫೋಟೊ ಕೊಟ್ಟರೆ ಸಾಕು. ಅದರ ಮೇಲೆ ಸಣ್ಣ ಚೌಕಗಳನ್ನು ಗೀಚಿ, ಅಷ್ಟೇ ಚೌಕಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಎಳೆದು, ಒಂದೊಂದೇ ಚೌಕ ತುಂಬಿಸುತ್ತ ಮುಖ ಎಬ್ಬಿಸುವರು. ಬದುಕಿದ್ದವರಾದರೆ ಹಿಂದೆ ಕಂದು ಬಣ್ಣ. ತೀರಿಕೊಂಡವರಾದರೆ ತಿಳಿನೀಲಿ, ತಲೆಯ ಸುತ್ತ ಮಸುಕು ಬೆಳಕು. ಇದು ಯಾರು ಮಾಡಿದ ನಿಯಮವೋ ಗೊತ್ತಿಲ್ಲ, ನಮ್ಮ ಕಡೆ ಮನೆಯೊಳಗೆ ಕಾಲಿಟ್ಟವರು ಗೋಡೆಯ ಬಣ್ಣ ನೋಡಿಯೇ ಯಾರನ್ನು ವಿಚಾರಿಸಬೇಕು, ಯಾರನ್ನು ವಿಚಾರಿಸಬಾರದು ಎಂದು ತಿಳಿದುಕೊಳ್ಳುತ್ತಿದ್ದರು. ಎಣ್ಣೆಬಣ್ಣದ ಕೆಲಸದಲ್ಲಿ ಹಿನ್ನೆಲೆ ಮೊದಲು, ಮುಖ ಆಮೇಲೆ ಎಂದು ನಮಗೆ ಕಲಿಸಿದವರು ಅವರೇ. ತಾವು ಮಾತ್ರ ಮುಖ, ಅಂಗಿ, ಅಂಗಿಯ ಗುಂಡಿ ಎಲ್ಲ ಮುಗಿಸಿ, ಸುತ್ತಲೂ ಬಿಳಿ ಬಿಟ್ಟು, ಹಿನ್ನೆಲೆಯನ್ನು ಕಟ್ಟಕಡೆಗೆ ತುಂಬುತ್ತಿದ್ದರು. ಯಾಕೆಂದು ಕೇಳಿದರೆ "ಎಂತಕ್ಕೆ ಅವಸರ?" ಎನ್ನುವರು.

ಯಾರೇ ಫೋಟೊ ಚಾಚಲಿ, ಮಾಸ್ತರ ಬಾಯಿಂದ ಮೊದಲು ಬರುವ ಮಾತು ಒಂದೇ: "ಇದ್ದಾರಾ?" ಫೋಟೊ ನೋಡುವ ಮೊದಲೇ, ಬಂದವರನ್ನು ಕೂರಿಸುವ ಮೊದಲೇ ಈ ಪ್ರಶ್ನೆ. ಉತ್ತರ ಮನೆಯವರ ಬಾಯಿಂದಲೇ ಬರಬೇಕು. ಒಮ್ಮೆ ದುಬೈಯಿಂದ ರಜೆಗೆ ಬಂದ ಭಟ್ಕಳದ ತರುಣನೊಬ್ಬ ಮೀಸೆಯಿದ್ದ ಕಾಲದ ತನ್ನ ಫೋಟೊ ಕೊಟ್ಟ. ಮಾಸ್ತರು ಅಭ್ಯಾಸದಂತೆ ತಗ್ಗಿದ ದನಿಯಲ್ಲಿ "ಇದ್ದಾರಾ?" ಎಂದರು. ಆತ ಎದೆ ಮುಟ್ಟಿಕೊಂಡು, "ಅರೇ ಮಾಸ್ಟರ್ ಸಾಬ್, ನಿಮ್ಮ ಮುಂದೇನೇ ನಿಂತಿದ್ದೇನಲ್ಲ!" ಎಂದ. ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಮಾಸ್ತರು ಮಾತ್ರ ನಗದೆ, "ಹಾಗಾದ್ರೆ ಒಳ್ಳೇದಾತು, ಕಂದು" ಎಂದು ಚೀಟಿಯ ಮೇಲೆ ಬರೆದುಕೊಂಡರು.

ಈ ಪ್ರಶ್ನೆಯ ಹಿಂದಿನ ಕತೆಯನ್ನು ಅವರೇ ಒಮ್ಮೆ, ಚಹಾ ಆರಿಸಿಕೊಳ್ಳುತ್ತ ಹೇಳಿದ್ದರು. ಶಾಲೆ ಶುರು ಮಾಡಿದ ಹೊಸತರಲ್ಲಿ ಕುಮಟೆಯ ಕಡೆಯವರೊಬ್ಬರು ತಮ್ಮ ತಂದೆಯ ಫೋಟೊ ತಂದುಕೊಟ್ಟರಂತೆ. ಆಗೆಲ್ಲ ಫೋಟೊ ದೊಡ್ಡದು ಮಾಡಿಸಲು ಬರುವವರು ಸತ್ತವರದ್ದನ್ನೇ ತರುತ್ತಿದ್ದರು. ಬದುಕಿದ್ದವರನ್ನು ಬರೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಅಂಜಿಕೆ ಜನರಿಗೆ. ಹಾಗಾಗಿ ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಚೆಂದದ ತಿಳಿನೀಲಿ ಹಚ್ಚಿ, ತಲೆಯ ಸುತ್ತ ಬೆಳಕು ಬಿಟ್ಟು, ಚಿತ್ರವನ್ನು ತಾವೇ ಹೊತ್ತು ಮನೆಗೆ ಮುಟ್ಟಿಸಿದರು. ಬಾಗಿಲು ತೆಗೆದವರು ಚಿತ್ರದೊಳಗಿನ ಅಜ್ಜನೇ. ಮಗ ತಂದೆಗೆ ಗೊತ್ತಾಗದಂತೆ ಅರವತ್ತರ ಶಾಂತಿಗೆಂದು ಮಾಡಿಸಿದ್ದನಂತೆ. ಅಜ್ಜ ಬಟ್ಟೆ ಸರಿಸಿ ತನ್ನನ್ನೇ ಬಹಳ ಹೊತ್ತು ನೋಡಿ, "ಕೆಲ್ಸ ಚಲೋ ಆಗ್ಯದೆ. ಸ್ವಲ್ಪ ಮುಂಚೆ ಆತು, ಅಷ್ಟೇ" ಎಂದರಂತೆ. ಮನೆಮಂದಿಯೆಲ್ಲ ನಕ್ಕರು, ಪಾನಕ ಕೊಟ್ಟರು. ಮುಂದಿನ ಮಳೆಗಾಲ ಬರುವುದರೊಳಗೆ ಅಜ್ಜ ತೀರಿಕೊಂಡರು.

"ಅದಕ್ಕೂ ನೀಲಿಗೂ ಸಂಬಂಧ ಇಲ್ಲ ಅಂಬೂದು ನಂಗೆ ಗೊತ್ತದೆ. ವಯಸ್ಸಾಗಿತ್ತು, ಹೋದ್ರು" ಎಂದು ಮಾಸ್ತರು ಲೋಟ ಕೆಳಗಿಟ್ಟರು. "ಗೊತ್ತಿದ್ರೆ ಹೆದರ್ಕೆ ಹೋತದಾ ತಂಗೀ?"

ನಾನು ಪರೀಕ್ಷೆ ಪಾಸಾಗಿ, ಅದೇ ಶಾಲೆಯಲ್ಲಿ ಹೊಸಬರಿಗೆ ಪೆನ್ಸಿಲ್ ಹಿಡಿಯಲು ಕಲಿಸುವ ಅಕ್ಕೋರಾದ ವರ್ಷ ಆ ಘಟನೆ ನಡೆಯಿತು. ಮಳೆಗಾಲ ಮುಗಿದು ದೋಣಿಗಳು ಮತ್ತೆ ನೀರಿಗಿಳಿದಿದ್ದವು. ನಮಗೆ ಕೆಲಸ ಕೊಡಿಸುತ್ತಿದ್ದ ಆ ಒಡೆಯರ ತಮ್ಮ, ಸಣ್ಣ ಎಂಜಿನ್ ದೋಣಿಯಲ್ಲಿ, ಹಿಂದಿನ ದಿನ ಬಿಟ್ಟು ಬಂದ ಬಲೆ ಎಳೆಯಲು ಒಬ್ಬನೇ ಹೋದವನು ತಿರುಗಿ ಬರಲಿಲ್ಲ. ಅಂದು ಗಾಳಿ ಜೋರಿತ್ತು. ನೇತ್ರಾಣಿ ದ್ವೀಪದ ಆಚೆ ದೋಣಿ ಸಿಕ್ಕಿತು, ನಮ್ಮ ಹುಡುಗರು ಬರೆದ ಹೆಸರು ಹಾಗೇ ಹೊಳೆಯುತ್ತಿತ್ತಂತೆ. ಒಳಗೆ ಯಾರೂ ಇರಲಿಲ್ಲ. ಹೆಸರು ಬರೆದಿದ್ದ ಹುಡುಗ ಆ ಸುದ್ದಿ ಕೇಳಿದ ಮೇಲೆ ಕುಂಚ ಹಿಡಿಯದೆ ಒಂದು ವಾರ ಸುಮ್ಮನೆ ಕೂತಿದ್ದ.

ದೀಪಾವಳಿ ಕಳೆದ ಮೇಲೆ ಅಣ್ಣನಾದ ಆ ಒಡೆಯರು ತಮ್ಮನ ಫೋಟೊ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮಾಸ್ತರು ಕೇಳಿಯೇ ಕೇಳಿದರು: "ಇದ್ದಾರಾ?"

ಅಣ್ಣ ಫೋಟೊವನ್ನು ಮೇಜಿನ ಮೇಲಿಟ್ಟರು. "ಇಲ್ಲ ಮಾಸ್ತರೇ. ಇನ್ನೆಲ್ಲಿ? ಅಮ್ಮ ಊಟ ಬಿಟ್ಟು ಮಲಗ್ಯದೆ. ಅದರ ಕಣ್ಣು ಮುಚ್ಚೂದ್ರೊಳಗೆ ಅಂವಂಗೆ ಗತಿ ಕಾಣಿಸ್ಬೇಕು. ಹೆಣ ಸಿಕ್ಕದಿದ್ರೂ ದರ್ಭೆಯಲ್ಲಿ ಗೊಂಬೆ ಮಾಡಿ ಕ್ರಿಯೆ ಮಾಡ್ಸೂಕೆ ಭಟ್ಟರು ಒಪ್ಪಿದಾರೆ. ಆ ದಿನಕ್ಕೆ ಫೋಟೊ ಬೇಕು."

ಮಾಸ್ತರು ಒಪ್ಪಿಕೊಂಡರು. ಒಪ್ಪದೆ ಇರಲು ಕಾರಣವೇ ಇರಲಿಲ್ಲ. ಚೌಕ ಎಳೆದರು, ಮುಖ ಎಬ್ಬಿಸಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅರೆನಗೆ ನಗುತ್ತಿದ್ದ, ಮೂವತ್ತೂ ದಾಟಿರದ ಮುಖ. ಅಂಗಿಯ ಗುಂಡಿಗಳೂ ಮುಗಿದವು. ಸುತ್ತಲಿನ ಬಿಳಿಯೊಂದು ಉಳಿಯಿತು.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಸೊಂಟದ ಮೇಲೆ ಮಗಳನ್ನು ಎತ್ತಿಕೊಂಡು ಹೆಂಗಸೊಬ್ಬಳು ಬಂದಳು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತು, "ನಮ್ಮನೇರ ಫೋಟೊ ಇಲ್ಲಿ ಬಂದದಂತಲ್ಲ" ಎಂದಳು. ಭಟ್ಕಳದಿಂದ ಟೆಂಪೋದಲ್ಲಿ, ಮನೆಯಲ್ಲಿ ತವರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು. ಮಾಸ್ತರು ಚಿತ್ರದ ಮೇಲಿನ ಬಟ್ಟೆ ಸರಿಸಿದರು. ಆಕೆ ಗಂಡನ ಮುಖವನ್ನು ನೋಡಲಿಲ್ಲ, ಮೊದಲು ಸುತ್ತಲಿನ ಬಿಳಿಯನ್ನು ನೋಡಿದಳು. ಆಕೆಯ ಉಸಿರು ಕೆಳಗಿಳಿದದ್ದು ನನಗೆ ಕೇಳಿಸಿತು.

ಮಾಸ್ತರಿಗೆ ಆ ಪ್ರಶ್ನೆ ತಡೆದುಕೊಳ್ಳಲು ಆಗಲಿಲ್ಲ. ಅಣ್ಣ ಉತ್ತರ ಕೊಟ್ಟು ಹೋಗಿದ್ದರೂ ಮತ್ತೆ ಕೇಳಿದರು. "ಇದ್ದಾರಾ?"

"ನಂಗೆ ಯಾರೂ ತೋರ್ಸಿಲ್ಲ ಮಾಸ್ತರೇ. ದೋಣಿ ತೋರ್ಸಿದ್ರು, ಬಲೆ ತೋರ್ಸಿದ್ರು. ಅವರನ್ನ ತೋರ್ಸಿಲ್ಲ." ಆಮೇಲೆ ಮಗಳನ್ನು ಕೆಳಗಿಳಿಸಿ ಎರಡೂ ಕೈ ಮುಂದೆ ಚಾಚಿದಳು. "ಮಾವನ ಫೋಟೊನೂ ನೀವೇ ಮಾಡಿದ್ದು. ನಮ್ಮ ಜಗಲಿಯಲ್ಲಿ ಅದೆ, ನೀಲಿ. ಇದಕ್ಕೆ ನೀವು ನೀಲಿ ಹಚ್ಚಿದ ದಿನ ನನ್ನ ಈ ಬಳೆ ಒಡೀತಾರೆ. ನಾ ಬ್ಯಾಡ ಅಂಬೂಕೆ ಬಂದದ್ದಲ್ಲ. ಹಚ್ಚೂ ಮೊದ್ಲು ನಂಗೊಂದು ಮಾತು ಹೇಳಿ."

ಹಸಿರು ಗಾಜಿನ ಬಳೆಗಳು. ಮಾಸ್ತರು ಅವನ್ನು ನೋಡಿ, ನೀಲಿ ಹಚ್ಚಲೆಂದು ತೆಗೆದಿಟ್ಟ ಕುಂಚವನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಒಣಗಿಸಿಬಿಟ್ಟರು.

ಅಲ್ಲಿಂದ ನಮ್ಮ ಶಾಲೆಗೆ ಹಿಡಿದದ್ದು ನಿಜವಾದ ಹೆದರಿಕೆ. ಮರದ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿದರೆ ಮಾಸ್ತರ ಮುಖ ಸುಣ್ಣವಾಗುತ್ತಿತ್ತು. ಚಿತ್ರವನ್ನು ಪ್ಲಾಸ್ಟರಿನ ತಲೆಯ ಹಿಂದೆ ಇಡುವರು, ತೆಗೆಯುವರು, ಗೋಡೆಗೆ ಮುಖ ಮಾಡಿ ನಿಲ್ಲಿಸುವರು. ಅಣ್ಣ ಬಂದಾಗಲೆಲ್ಲ ಒಂದೊಂದು ನೆವ. ಬಣ್ಣ ಒಣಗಲಿಲ್ಲ. ಒಣಗಿದ ಬಣ್ಣ ಬಿರಿಯಿತು. ನೀಲಿ ಮುಂಬೈಯಿಂದ ಬರಬೇಕು. ಒಮ್ಮೆ ನಾನೇ "ಮಾಸ್ತರು ಕುಮಟೆಗೆ ಹೋಗಿದಾರೆ" ಎಂದೆ, ಮಾಸ್ತರು ಪರದೆಯ ಹಿಂದೆ ಉಸಿರು ಕಟ್ಟಿ ನಿಂತಿದ್ದರು, ಪರದೆಯ ಕೆಳಗೆ ಅವರ ಎರಡು ಪಾದ ಕಾಣುತ್ತಿದ್ದವು. ಅಣ್ಣನಿಗೂ ಕಂಡಿರಬೇಕು. ಅವರು ಏನೂ ಹೇಳದೆ ಇಳಿದು ಹೋದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಈ ಮನುಷ್ಯನಿಗೆ ಸಿಟ್ಟು ಬಂದರೆ ಶಾಲೆಯ ಮಳೆಗಾಲವೇ ಹೋಗುತ್ತದೆ ಎಂದು ನಾವೆಲ್ಲ ಗುಸುಗುಸು ಮಾತಾಡುತ್ತಿದ್ದೆವು. ಹೆದರುಪುಕ್ಕಲ ಮಾಸ್ತರು ಇವತ್ತು ನೀಲಿ ಹಚ್ಚಿಯಾರು, ನಾಳೆ ಹಚ್ಚಿಯಾರು ಎಂದು ನಾನು ದಿನಾ ಬೆಳಿಗ್ಗೆ ಬಂದು ಮೊದಲು ಆ ಬಿಳಿಯನ್ನೇ ನೋಡುತ್ತಿದ್ದೆ. ಹಚ್ಚಿದರೆ ಸಾಕಪ್ಪ ಎಂದೂ ಅನಿಸುತ್ತಿತ್ತು, ಹಚ್ಚದಿರಲಿ ದೇವರೇ ಎಂದೂ ಅನಿಸುತ್ತಿತ್ತು.

ಕಡೆಗೊಂದು ದಿನ ಅಣ್ಣ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಂದರು. ಮಾಸ್ತರಿಗೆ ಅಡಗಲು ಹೊತ್ತು ಸಿಗಲಿಲ್ಲ.

"ಎಂತ ಮಾಸ್ತರೇ ಇದು? ಇನ್ನೂ ಬಿಳಿನೇ ಅದೆಯಲ್ಲ."

"ನನ್ನ ಕೈಲಿ ಆಗೂದಿಲ್ಲ" ಎಂದರು ಮಾಸ್ತರು. "ಹೆದರ್ಕೆ ಆತದೆ."

"ನಿಮ್ಗೆಂತಕ್ಕೆ ಹೆದರ್ಕೆ? ಸತ್ತದ್ದು ನನ್ನ ತಮ್ಮ!"

ಮಾಸ್ತರು ಮೇಜು ಹಿಡಿದುಕೊಂಡು ನಿಂತಿದ್ದರು. "ನೀವು ಅತ್ತು ಮುಗ್ಸಿ ಫೋಟೊ ತಂದ್ರಿ. ನಿಮ್ಮ ಲೆಕ್ಕದಲ್ಲಿ ಸಮಾನೇ. ನಿಮ್ಮನೇಲಿ ಇನ್ನೊಂದು ಜೀವ ಅದೆ. ಅದು ಇನ್ನೂ ಬಾಗ್ಲು ನೋಡ್ತಾ ಕೂತದೆ. ನೀಲಿ ಹಚ್ಚಿ ಅದನ್ನ ಎಬ್ಬಿಸೂದು ನನ್ನ ಕೆಲ್ಸ ಅಲ್ಲ. ಅದು ಬಂದು ಹೇಳ್ಲಿ. ಆ ದಿನವೇ ಹಚ್ತೆ."

ಅಣ್ಣ ಕೂಗಾಡಲಿಲ್ಲ. ಕಣ್ಣು ತುಂಬಿಕೊಂಡು, "ನನ್ನ ಅಮ್ಮನೂ ಕೂತದೆ ಮಾಸ್ತರೇ" ಎಂದರು. ಆಮೇಲೆ ಫೋಟೊ ಎತ್ತಿ ಜೇಬಿಗೆ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ಬರೂ ವರ್ಷ ನಿಮ್ಮ ಹುಡುಗ್ರು ಬಂದರಕ್ಕೆ ಬರೂದು ಬ್ಯಾಡ" ಎಂದರು. ಆ ಅಣ್ಣನ ಮೇಲೆ ನನಗೆ ಅಂದು ಸಿಟ್ಟು ಬಂದಿತ್ತು. ಈಗ ಬರುವುದಿಲ್ಲ. ಅಮ್ಮನ ಬಗ್ಗೆ ಅವರು ಆಡಿದ ಮಾತೂ ನಿಜವೇ ಆಗಿತ್ತು.

ಭಟ್ಕಳದಲ್ಲಿ ಆಗಷ್ಟೇ ಕಂಪ್ಯೂಟರಿನ ಸ್ಟುಡಿಯೋ ಒಂದು ತೆರೆದಿತ್ತು. ಅಲ್ಲಿ ಆ ಫೋಟೊವನ್ನು ಅದೇ ಸಂಜೆಯೊಳಗೆ ದೊಡ್ಡದು ಮಾಡಿ, ಹಿಂದೆ ನೀಲಿ ಆಕಾಶವನ್ನೂ ಮೋಡವನ್ನೂ ಕೂರಿಸಿ ಕೊಟ್ಟರಂತೆ. ನಮ್ಮ ಮಾಸ್ತರು ತಿಂಗಳುಗಟ್ಟಲೆ ಹೆದರಿ ಹೆದರಿ ತಡೆದದ್ದನ್ನು ಯಂತ್ರ ಒಂದು ಗುಂಡಿ ಒತ್ತಿ ಮುಗಿಸಿತ್ತು. ಕ್ರಿಯೆ ನಡೆಯಿತು. ಅದರ ಹಿಂದಿನ ದಿನವೇ ಆಕೆ ಮಗಳನ್ನು ಕರೆದುಕೊಂಡು ಮುಟ್ಟಳ್ಳಿಯ ತವರಿಗೆ ಹೋಗಿಬಿಟ್ಟಿದ್ದಳು, ಬಳೆಯ ಸಮೇತ. ಊರವರು ಆಡುವುದನ್ನೆಲ್ಲ ಆಡಿದರು.

ಆಮೇಲೊಮ್ಮೆ ಆಕೆ ಬಂದು ಬಿಳಿ ಹಿನ್ನೆಲೆಯ ಚಿತ್ರವನ್ನು ಕೇಳಿದಳು. ಮಾಸ್ತರು ಅದನ್ನು ತಾವೇ ಕಾಗದದಲ್ಲಿ ಸುತ್ತಿ, ಹುರಿ ಕಟ್ಟಿ, ಕಟ್ಟಿದ್ದು ಗಟ್ಟಿಯಿದೆಯೋ ಇಲ್ಲವೋ ಎಂದು ನನ್ನಿಂದ ಸಾಕ್ಷಿ ಹೇಳಿಸಿ ಕೊಟ್ಟರು. "ಯಾವಾಗ ಬೇಕಾದ್ರೂ ತಕ್ಕಂಡು ಬಾ. ನಾ ಬಣ್ಣ ಇಟ್ಟಿರ್ತೆ."

"ಯಾವ ಬಣ್ಣ ಮಾಸ್ತರೇ?"

"ನೀ ಹೇಳಿದ್ದು."

ಮರುವರ್ಷದ ಮಳೆಗಾಲ ನಮ್ಮ ಹುಡುಗರಿಗೆ ಬಂದರವಿರಲಿಲ್ಲ. ಒಡೆಯರು ಸಿಟ್ಟು ಇಳಿದು ಮತ್ತೆ ಕರೆಯುವ ಹೊತ್ತಿಗೆ ಫ್ಲೆಕ್ಸು ಬಂದಿತ್ತು, ಸ್ಟಿಕ್ಕರಿನ ಅಕ್ಷರ ಬಂದಿತ್ತು, ಹಿಂದಿನ ಕೋಣೆಯ ಹುಡುಗರು ಒಬ್ಬೊಬ್ಬರೇ ಕಂಪ್ಯೂಟರ್ ಕಲಿಯಲು ಹೋಗಿದ್ದರು. ನನಗೂ ಕುಮಟೆಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಶಾಲೆ ಮಾಳಿಗೆಯಿಂದ ಇಳಿದು ಮಾಸ್ತರ ಮನೆಯ ಜಗಲಿಗೆ ಬಂತು. ರಜೆಯಲ್ಲಿ ಚಿತ್ರ ಕಲಿಯುವ ನಾಲ್ಕು ಮಕ್ಕಳು, ಮೂಗಿಲ್ಲದ ಆ ತಲೆ. ಎಣ್ಣೆಬಣ್ಣದ ಕೆಲಸವೇ ನಿಂತುಹೋಗಿತ್ತು. ಆದರೂ ನಾನು ಹೋದಾಗಲೆಲ್ಲ ಅವರ ಮೇಜಿನ ಮೇಲೆ ಎರಡು ಟ್ಯೂಬು ಕಾಣುತ್ತಿದ್ದವು, ಒಂದು ನೀಲಿ, ಒಂದು ಕಂದು. ಉಪ್ಪುಗಾಳಿಗೆ ಮುಚ್ಚಳ ತುಕ್ಕು ಹಿಡಿದು ಬಣ್ಣ ಗಟ್ಟಿಯಾದರೆ ಬೇರೆ ತರಿಸುತ್ತಿದ್ದರು. "ಯಾರಿಗೆ ಮಾಸ್ತರೇ?" ಎಂದು ನಾನು ಕೇಳುತ್ತಿರಲಿಲ್ಲ. "ಚಿತ್ರ ತಕ್ಕಂಡು ಅದು ಬಂದಾಗ ನಾ ಇಲ್ದೇ ಹೋದ್ರೆ ಎಂತ ಮಾಡೂದು ತಂಗೀ?" ಎಂದು ಅವರೇ ಒಮ್ಮೆ ಕೇಳಿದರು. "ನೀವೆಲ್ಲಿ ಹೋತ್ರಿ, ಬಿಡಿ" ಎಂದು ಸುಮ್ಮನೆ ನಗೆಯಾಡಿದೆ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಬಣ್ಣದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. ಅದನ್ನು ತಂದು ಹಳದೀಪುರದ ಮನೆಯ ಕಪಾಟಿನ ಮೇಲಿಟ್ಟೆ, ತೆರೆಯಲು ಮನಸ್ಸು ಬರಲಿಲ್ಲ.

ಒಂದು ಭಾನುವಾರ ಮುಟ್ಟಳ್ಳಿಯಿಂದ ಆಕೆ ನಮ್ಮ ಮನೆ ಹುಡುಕಿಕೊಂಡು ಬಂದಳು. ಜೊತೆಗೆ ಎದೆಯುದ್ದ ಬೆಳೆದ ಮಗಳು, ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರ. ಕೂದಲಿಗೆ ಬಿಳಿ ಇಳಿದಿತ್ತು. ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. "ಅಕ್ಕೋರೇ, ಮಾಸ್ತರು ಹೋದ್ರಂತೆ" ಎಂದು ಕೂತಳು. ಹೇಗೆ ಹೋದರೆಂದು ಕೇಳಿದಳು, ನಿದ್ದೆಯಲ್ಲಿ ಎಂದೆ. "ಹೆದರ್ಲಿಲ್ಲ ಅಲ್ಲ?" ಎಂದಳು. "ಇಲ್ಲ" ಎಂದೆ. ನೀರು ಕುಡಿದು, ಸೀರೆ ಬಿಚ್ಚಿ, ಚಿತ್ರವನ್ನು ಗೋಡೆಗೆ ಒರಗಿಸಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುವ ಆ ಮುಖಕ್ಕೆ ವಯಸ್ಸೇ ಆಗಿರಲಿಲ್ಲ. ಸುತ್ತಲಿನ ಬಿಳಿ ಮಾತ್ರ ಹಳದಿಗೆ ತಿರುಗಿತ್ತು.

ನಾನು ಪೆಟ್ಟಿಗೆ ಇಳಿಸಿ ಎರಡೂ ಟ್ಯೂಬು ತೆಗೆದು ಆಕೆಯ ಮುಂದಿಟ್ಟೆ. ಕೇಳಬಾರದೆಂದುಕೊಂಡರೂ, ಮಾಸ್ತರ ಶಾಲೆಯಲ್ಲಿ ಕಲಿತ ಬಾಯಿ ಕೇಳಿಯೇಬಿಟ್ಟಿತು.

"ಇದ್ದಾರಾ?"

ಆಕೆ ಟ್ಯೂಬುಗಳನ್ನು ನೋಡಿದಳು, ಆಮೇಲೆ ಗಂಡನ ಮುಖವನ್ನು ನೋಡಿದಳು.

"ಮಾಸ್ತರು ಇರೂ ತನಕ ಇದ್ರು, ಅಕ್ಕೋರೇ."

ನಾನು ನೀಲಿಯ ಮುಚ್ಚಳ ತಿರುಗಿಸಿದೆ. ಗಟ್ಟಿಯಾಗಿರಬಹುದೆಂದು ಒತ್ತಿದರೆ, ಬಣ್ಣ ಮೆತ್ತಗೆ ಹೊರಗೆ ಬಂತು. ಮಾಸ್ತರು ಹೋಗುವ ಕೆಲವೇ ದಿನ ಮೊದಲು ತರಿಸಿಟ್ಟಿರಬೇಕು.